ನೆಲವನ್ನು ಹಾಳೆಯಲ್ಲಿ ಓದುವ ವಿದ್ಯೆ

ನಕ್ಷೆ ಓದುವುದೆಂದರೆ ಹಾಳೆಯ ಮೇಲಿನ ಗೆರೆ, ಬಣ್ಣ, ಗುರುತು, ಅಂಕಿಗಳಿಂದ ನೆಲದ ಏರುತಗ್ಗು, ದೂರ, ದಿಕ್ಕು, ಗಡಿಗಳನ್ನು ಅರಿಯುವುದು. ಅರಿತದ್ದನ್ನು ಕಣ್ಣೆದುರಿನ ನೆಲಕ್ಕೆ ಹೊಂದಿಸಿ ನೋಡುವುದು. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಎಮ್ಮಿಗನೂರು, ಆದೋನಿ, ಮಂತ್ರಾಲಯ, ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು ಸೀಮೆಯಲ್ಲಿ ಈ ವಿದ್ಯೆ ಪಠ್ಯಪುಸ್ತಕಕ್ಕಷ್ಟೇ ಸೇರಿದ್ದಲ್ಲ. ಹೊಲ ಕೊಳ್ಳುವಾಗ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಕಾಲುವೆ ನೀರು ಯಾವ ಹೊಲಕ್ಕೆ ಏರುತ್ತದೆಂದು ತಿಳಿಯುವಾಗ, ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವಾಗ ಅದು ಬೇಕಾಗುತ್ತದೆ. ಕಿಸೆಯಲ್ಲಿರುವ ಫೋನು ನಿಂತ ಜಾಗವನ್ನು ನೀಲಿ ಚುಕ್ಕೆಯಾಗಿ ತೋರಿಸುತ್ತದೆ. ಆ ಚುಕ್ಕೆಯ ಸುತ್ತ ಎಂಥ ನೆಲವಿದೆ, ಅದು ಯಾರದು, ಮಳೆ ಬಂದರೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಇಂದಿಗೂ ನಕ್ಷೆಯನ್ನು ಓದಲೇಬೇಕು.

ಚೆಕ್ಕುಬಂದಿಯ ಕಾಲದಿಂದ

ಅಳತೆಯ ನಕ್ಷೆ ಬರುವ ಮೊದಲು ನೆಲವನ್ನು ಮಾತಿನಲ್ಲಿ ಗುರುತಿಸುತ್ತಿದ್ದರು. ಕನ್ನಡ ನಾಡಿನ ದಾನಶಾಸನಗಳಲ್ಲಿ ಊರಿನ ಚತುಃಸೀಮೆಯನ್ನು ದಿಕ್ಕುದಿಕ್ಕಿಗೆ ಹೇಳುವ ಪದ್ಧತಿ ಹಳೆಯದು. ಇಂಥ ಕಲ್ಲು, ಇಂಥ ಹುತ್ತ, ಇಂಥ ಹಳ್ಳ, ಇಂಥ ಕೆರೆಯ ಏರಿ ಎಂದು ಗಡಿ ಸುತ್ತಿಬರುತ್ತದೆ. ಇಂದಿನ ಕ್ರಯಪತ್ರದಲ್ಲೂ ಅದೇ ಪದ್ಧತಿ ಚೆಕ್ಕುಬಂದಿಯಾಗಿ ಉಳಿದಿದೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಹೊಲ. ಕರ್ನೂಲು, ಬಳ್ಳಾರಿ, ರಾಯಚೂರು ಮೂರೂ ಕಡೆಯ ರೈತರಿಗೆ ಪರಿಚಿತವಾದ ಮಾತಿದು. ಚೆಕ್ಕುಬಂದಿಯ ನಾಲ್ಕು ಸಾಲನ್ನು ಓದಿ ಹೊಲದ ಮೇಲೆ ನಿಂತು ಒಂದೊಂದನ್ನೂ ತೋರಿಸಬಲ್ಲವರು ನಕ್ಷೆ ಓದುವುದರ ಅರ್ಧ ಕೆಲಸ ಕಲಿತಂತೆಯೇ.

ಇದಕ್ಕೆಲ್ಲ ದಿಕ್ಕಿನ ತಿಳಿವೇ ಆಧಾರ. ರಾತ್ರಿ ಧ್ರುವನಕ್ಷತ್ರ ಉತ್ತರವನ್ನು ತೋರುತ್ತದೆ. ಅದು ಬಾನಂಚಿನಿಂದ ಎಷ್ಟು ಡಿಗ್ರಿ ಮೇಲಿದೆಯೋ ಆ ಸ್ಥಳದ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಎಮ್ಮಿಗನೂರು ಉತ್ತರ ಅಕ್ಷಾಂಶ 16 ಡಿಗ್ರಿಗೆ ತುಸು ಕೆಳಗಿದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ ಆಗುವುದರಿಂದ ಇಲ್ಲಿ ಧ್ರುವನಕ್ಷತ್ರ ಬಾನಂಚಿನಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ ಕಾಣುತ್ತದೆ. ಹಗಲಿನಲ್ಲಿ ನೆರಳು ನೋಡಿ ದಿಕ್ಕು ಹೇಳುವವರು ಒಂದು ಮಾತನ್ನು ನೆನಪಿಡಬೇಕು. ಮೇ ಮೊದಲ ವಾರದಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ, ಆಗ ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮೊದಲ ವಾರ ದಾಟುವವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಅದು ಉತ್ತರಕ್ಕೆ.

ಸರಪಳಿ ಬಂದದ್ದು

ಈ ಸೀಮೆಯನ್ನು ಹೈದರಾಬಾದಿನ ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲಗಳೆಂದು ಕರೆಸಿಕೊಂಡ ಈ ಪ್ರದೇಶಕ್ಕೆ ಥಾಮಸ್ ಮನ್ರೋ 1800ರಿಂದ 1807ರವರೆಗೆ ಪ್ರಧಾನ ಕಲೆಕ್ಟರ್ ಆಗಿದ್ದ. ರೈತನೊಂದಿಗೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ನಡೆಯಬೇಕಾದರೆ ಪ್ರತಿ ಹೊಲದ ವಿಸ್ತೀರ್ಣ ತಿಳಿದಿರಬೇಕು. ಆದ್ದರಿಂದ ಆತ ಹೊಲಹೊಲವನ್ನೂ 33 ಅಡಿಯ ಸರಪಳಿಯಿಂದ ಅಳೆಸಿದ. ಉದ್ದಗಲ ಒಂದೊಂದು ಸರಪಳಿ ಆದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಮನ್ರೋ 1827ರ ಜುಲೈ 6ರಂದು ಕಾಲರಾ ತಗುಲಿ ತೀರಿಕೊಂಡದ್ದು ಇದೇ ಜಿಲ್ಲೆಯ ಪತ್ತಿಕೊಂಡದಲ್ಲಿ.

ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿಯ ಸಹಾಯಕರು ಮುಂದೆ ದತ್ತ ಮಂಡಲಗಳಲ್ಲೂ ಊರು, ಹಳ್ಳ, ದಾರಿ, ಕೆರೆಗಳ ನಕ್ಷೆ ಬರೆದರು. ಹಳ್ಳಿಗಳ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಮೆಕೆಂಜಿ ಕನ್ನಡ, ತೆಲುಗು ಮುಂತಾದ ಭಾಷೆಗಳಲ್ಲಿ ಬರೆಸಿಕೊಂಡ. 1815ರಲ್ಲಿ ಆತ ಭಾರತದ ಮೊದಲ ಸರ್ವೇಯರ್ ಜನರಲ್ ಆದ.

ಇದರ ಜೊತೆಗೇ ಇನ್ನೊಂದು ಅಳತೆಯೂ ನಡೆದಿತ್ತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮೊದಲ ಆಧಾರರೇಖೆ ಅಳೆದು ತ್ರಿಕೋನಮಿತಿ ಸರ್ವೆ ಆರಂಭಿಸಿದ. 1804ರಲ್ಲಿ ಬೆಂಗಳೂರಿನ ಬಳಿ, 1811ರಲ್ಲಿ ಗುತ್ತಿಯ ಬಳಿ ಆಧಾರರೇಖೆಗಳನ್ನು ಅಳೆದ. ಗುತ್ತಿ ಆದೋನಿಯಿಂದ ಆಗ್ನೇಯಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿದೆ. ನೆಲದ ಮೇಲೆ ಒಂದು ರೇಖೆಯನ್ನು ಅತ್ಯಂತ ನಿಖರವಾಗಿ ಅಳೆದು, ಅದರ ಎರಡು ತುದಿಗಳಿಂದ ದೂರದ ಬೆಟ್ಟದ ತುದಿಗೆ ಕೋನ ಹಿಡಿದರೆ ಉಳಿದ ಎರಡು ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹೀಗೆ ತ್ರಿಕೋನಕ್ಕೆ ತ್ರಿಕೋನ ಪೋಣಿಸುತ್ತ ಸರ್ವೆ ಸಾಗಿತು. ಅದರ ಮುಖ್ಯ ಸರಣಿ ಪೂರ್ವ ರೇಖಾಂಶ 78 ಡಿಗ್ರಿಯ ಗುಂಟ ಉತ್ತರಕ್ಕೆ ಹೋಗಿ ಹಿಮಾಲಯದ ಬುಡ ಮುಟ್ಟಿತು. ಆ ರೇಖಾಂಶ ಕರ್ನೂಲು ನಗರದ ಪಶ್ಚಿಮ ಅಂಚಿನ ಬಳಿಯೇ ಹಾದುಹೋಗುತ್ತದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಎಮ್ಮಿಗನೂರು ಆಗ ಆದೋನಿ ತಾಲ್ಲೂಕಿನಲ್ಲಿತ್ತು. ರಾಜಕೀಯ ಗಡಿ ಬದಲಾದರೂ ನೆಲದ ಅಳತೆಯ ಚೌಕಟ್ಟು ಬದಲಾಗಲಿಲ್ಲ.

57 ಇ: ಈ ಸೀಮೆಯ ಹಾಳೆಗಳು

1767ರಲ್ಲಿ ಆರಂಭವಾದ ಸರ್ವೆ ಆಫ್ ಇಂಡಿಯಾ ಸಂಸ್ಥೆಯ ಸ್ಥಳವಿವರ ನಕ್ಷೆಗೆ ಸಾಮಾನ್ಯವಾಗಿ ಟೋಪೋಶೀಟ್ ಎನ್ನುತ್ತಾರೆ. ಅದರ ಸಂಖ್ಯೆಯನ್ನು ಬಿಡಿಸುವುದೇ ಓದಿನ ಮೊದಲ ಪಾಠ. 4 ಡಿಗ್ರಿ ಉದ್ದ, 4 ಡಿಗ್ರಿ ಅಗಲದ ದೊಡ್ಡ ಚೌಕಕ್ಕೆ ಒಂದು ಅಂಕಿ. ಅಕ್ಷಾಂಶ 12ರಿಂದ 16, ರೇಖಾಂಶ 76ರಿಂದ 80 ಡಿಗ್ರಿಯ ಚೌಕ 57ನೆಯದು. ಅದರೊಳಗೆ ಒಂದೊಂದು ಡಿಗ್ರಿಯ 16 ಭಾಗಗಳಿಗೆ ಎ ಇಂದ ಪಿ ವರೆಗಿನ ಇಂಗ್ಲಿಷ್ ಅಕ್ಷರಗಳು. ವಾಯವ್ಯ ಮೂಲೆಯಿಂದ ಕೆಳಗಿಳಿಯುತ್ತ, ಒಂದು ಸಾಲು ಮುಗಿದ ಮೇಲೆ ಪಕ್ಕದ ಸಾಲಿಗೆ ಹೋಗುತ್ತ ಇವನ್ನು ಎಣಿಸುತ್ತಾರೆ. ಪ್ರತಿ ಅಕ್ಷರದ ಭಾಗವನ್ನು ಮತ್ತೆ 15 ನಿಮಿಷದ 16 ಹಾಳೆಗಳಾಗಿ ಅದೇ ಕ್ರಮದಲ್ಲಿ ಮಾಡುತ್ತಾರೆ. ಹೀಗೆ ಮಂತ್ರಾಲಯ 57 ಇ/5ರಲ್ಲಿ, ಆದೋನಿ 57 ಇ/6ರಲ್ಲಿ ಬರುತ್ತವೆ. ಎಮ್ಮಿಗನೂರಿನ ಸಮೀಪದಲ್ಲೇ 5, 6, 9, 10 ಈ ನಾಲ್ಕು ಹಾಳೆಗಳ ಮೂಲೆಗಳು ಕೂಡುತ್ತವೆ. ಹಾಗಾಗಿ ಈ ಪಟ್ಟಣದ ಸುತ್ತಲ ಹಳ್ಳಿಗಳನ್ನು ಒಟ್ಟಿಗೆ ನೋಡಬೇಕೆಂದರೆ ಹಾಳೆಗಳ ಅಂಚುಗಳನ್ನು ಕೂಡಿಸಿಟ್ಟೇ ಓದಬೇಕು.

ಈ ಸಂಖ್ಯೆಯ ಪ್ರಯೋಜನ ಒಂದು ಉದಾಹರಣೆಯಿಂದ ಗೊತ್ತಾಗುತ್ತದೆ. ಬಳ್ಳಾರಿ ಜಿಲ್ಲೆಯ ಕಂಪ್ಲಿ ಕಡೆಯಲ್ಲೂ ಒಂದು ಎಮ್ಮಿಗನೂರು ಇದೆ. ಫೋನಿನಲ್ಲಿ ಊರ ಹೆಸರನ್ನಷ್ಟೇ ಬರೆದು ಹುಡುಕಿದರೆ ಎರಡರಲ್ಲಿ ಯಾವುದಾದರೂ ಬರಬಹುದು; ನಡುವಿನ ಅಂತರ ನೂರು ಕಿ.ಮೀ.ಗೆ ಹತ್ತಿರ. ನಕ್ಷೆಯ ಸಂಖ್ಯೆಯಲ್ಲಿ ಈ ಗೊಂದಲವಿಲ್ಲ. ಅದು 57 ಎ, ಇದು 57 ಇ. ರೈಲಿನಲ್ಲಿ ಬರುವವರಿಗೂ ಇಂಥದೇ ಎಚ್ಚರ ಬೇಕು. ಮಂತ್ರಾಲಯಂ ರೋಡ್ ನಿಲ್ದಾಣ ಇರುವುದು ತುಂಗಭದ್ರಾ ಎಂಬ ಊರಿನಲ್ಲಿ. ಮಂತ್ರಾಲಯದ ರಾಯರ ಮಠಕ್ಕೆ ಅಲ್ಲಿಂದ ಮತ್ತೆ ಪೂರ್ವಕ್ಕೆ ರಸ್ತೆ ಹಿಡಿಯಬೇಕು.

1:50,000 ಪ್ರಮಾಣದ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಒಂದು ಹಾಳೆ ಈ ಅಕ್ಷಾಂಶದಲ್ಲಿ ಸುಮಾರು 27 ಕಿ.ಮೀ. ಉದ್ದಗಲದ ನೆಲವನ್ನು ಹಿಡಿಯುತ್ತದೆ. ದಾರಿಯ ದೂರ ತಿಳಿಯಲು ದಾರವೊಂದನ್ನು ರಸ್ತೆಯ ತಿರುವುಗಳ ಮೇಲೆ ಇಟ್ಟು, ಆಮೇಲೆ ಅದನ್ನು ನೆಟ್ಟಗೆ ಎಳೆದು ಹಾಳೆಯ ಕೆಳಗಿನ ಅಳತೆಪಟ್ಟಿಗೆ ಹಿಡಿಯುವುದು ಹಳೆಯ ಕ್ರಮ. ಅದು ಇಂದಿಗೂ ನಂಬಿಕಸ್ಥ.

ಬಣ್ಣಗಳಿಗೂ ನಿಗದಿಯಾದ ಅರ್ಥವಿದೆ. ಕೆಂಪು ಎಂದರೆ ರಸ್ತೆ, ಜನವಸತಿ, ಚೌಕಜಾಲದ ಗೆರೆ. ಕಂದು ಎಂದರೆ ಸಮೋನ್ನತಿ ರೇಖೆ. ಹಸಿರು ಕಾಡು, ಗಿಡಮರ. ಹಳದಿ ಸಾಗುವಳಿ ನೆಲ. ಹಳ್ಳಕೊಳ್ಳಗಳ ವಿಷಯದಲ್ಲಿ ಎಚ್ಚರದಿಂದಿರಬೇಕು. ನೀರಿರುವ ಹೊಳೆ, ಕೆರೆಗಳನ್ನು ನೀಲಿಯಲ್ಲಿ ತೋರಿಸಿದರೆ, ವರ್ಷದ ಬಹುಪಾಲು ಒಣಗಿರುವ ಹಳ್ಳಗಳನ್ನು ಕಪ್ಪಿನಲ್ಲಿ ತೋರಿಸುತ್ತಾರೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಕಪ್ಪು ಹಳ್ಳಗಳೇ ಹೆಚ್ಚು. ಆ ಗೆರೆಯನ್ನು ದಾರಿಯೆಂದು ಭಾವಿಸಿದವರ ಎಣಿಕೆ ತಪ್ಪುತ್ತದೆ. ಕೆರೆಯ ಏರಿಯ ಪಕ್ಕದಲ್ಲಿ 3ಆರ್, 5ಆರ್ ಎಂದು ಅಚ್ಚಾಗಿರುವುದು ಏರಿ ಸುತ್ತಲ ನೆಲಕ್ಕಿಂತ ಎಷ್ಟು ಮೀಟರ್ ಎತ್ತರ ಎಂಬುದನ್ನು ಹೇಳುತ್ತದೆ. ಗುಡಿ, ಮಸೀದಿ, ಈದ್ಗಾ, ಗೋರಿ, ಕೋಟೆ, ಕಲ್ಲು ಕಟ್ಟಿದ ಬಾವಿ, ಕಟ್ಟದ ಬಾವಿ, ಅಂಚೆ ಕಚೇರಿ, ಪೊಲೀಸ್ ಠಾಣೆ, ಎಲ್ಲಕ್ಕೂ ಬೇರೆಬೇರೆ ಗುರುತುಗಳಿವೆ. ಡಾಂಬರು ರಸ್ತೆ, ಮಣ್ಣಿನ ರಸ್ತೆ, ಬಂಡಿದಾರಿ, ಕಾಲುದಾರಿಗಳಿಗೂ ಗೆರೆ ಬೇರೆಬೇರೆ.

ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವುದು ಸಮೋನ್ನತಿ ರೇಖೆ. 1:50,000 ಹಾಳೆಯಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದು ರೇಖೆ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಸಪಾಟು. ಆದೋನಿ ಕೋಟೆಯ ಬೆಣಚುಕಲ್ಲಿನ ಗುಡ್ಡಗಳಲ್ಲಿ ರೇಖೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹತ್ತಿ ಬೆಳೆಯುವ ಎರೆ ನೆಲಕ್ಕೆ ಬಂದರೆ ಒಂದು ರೇಖೆ ದಾಟಿ ಇನ್ನೊಂದನ್ನು ಮುಟ್ಟಲು ಬಹಳ ದೂರ ಹೋಗಬೇಕಾಗುತ್ತದೆ. ಜನರ ಬಾಯಲ್ಲಿ ಎಲ್‌ಎಲ್‌ಸಿ ಎನಿಸಿಕೊಂಡ ತುಂಗಭದ್ರಾ ಕೆಳಮಟ್ಟದ ಕಾಲುವೆಯನ್ನು ನಕ್ಷೆಯಲ್ಲಿ ಹಿಡಿದು ನೋಡಿದರೆ ಈ ಪಾಠ ಚೆನ್ನಾಗಿ ಮನಸ್ಸಿಗಿಳಿಯುತ್ತದೆ. ನೀರು ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ ಕಾಲುವೆ ನೇರವಾಗಿ ಓಡುವುದಿಲ್ಲ. ಸಮೋನ್ನತಿ ರೇಖೆಯ ಜೊತೆಜೊತೆಗೆ ಬಳಸುತ್ತ, ಸ್ವಲ್ಪಸ್ವಲ್ಪವೇ ಇಳಿಯುತ್ತ ಸಾಗುತ್ತದೆ. ಕಾಲುವೆಯ ಕೆಳಗಿನ ಹೊಲಕ್ಕೆ ನೀರು ತಾನಾಗಿ ಬರುತ್ತದೆ, ಮೇಲಿನ ಹೊಲಕ್ಕೆ ಪಂಪು ಬೇಕು. ಇದನ್ನು ಹೊಲಕ್ಕೆ ಹೋಗದೆಯೂ ಹಾಳೆ ನೋಡಿ ಹೇಳಬಹುದು. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೂ ಕರ್ನೂಲು ನಗರವೂ ಮುಳುಗಿದವು. ಅಂಥ ಹೊತ್ತಿನಲ್ಲಿ ಯಾವ ಓಣಿ ತಗ್ಗು, ಯಾವ ದಿಬ್ಬ ಸುರಕ್ಷಿತ ಎಂಬ ಪ್ರಶ್ನೆಗೆ ಉತ್ತರ ಇರುವುದು ಎತ್ತರದ ಅಂಕಿಗಳಲ್ಲೇ.

ಹಾಳೆಯನ್ನು ನೆಲಕ್ಕೆ ಕೂಡಿಸುವುದು

ನಕ್ಷೆಯನ್ನು ನೆಲಕ್ಕೆ ಹೊಂದಿಸುವ ಕೆಲಸ ಉತ್ತರದಿಂದ ಶುರು. ಹಾಳೆಯ ಮೇಲ್ಭಾಗವನ್ನು ಉತ್ತರಕ್ಕೆ ತಿರುಗಿಸಬೇಕು. ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಈ ಭಾಗದಲ್ಲಿ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ. ಹಾಗಾಗಿ ಸಾಮಾನ್ಯ ನಡಿಗೆಗೆ ದಿಕ್ಸೂಚಿಯ ಮುಳ್ಳು ತೋರಿಸಿದ್ದೇ ಸಾಕು. ದಿಕ್ಸೂಚಿ ಇಲ್ಲದಿದ್ದರೆ ನೆಲದ ಮೇಲಿನ ಉದ್ದನೆಯ ಗೆರೆಯೊಂದನ್ನು ಆಧಾರ ಮಾಡಿಕೊಳ್ಳಬಹುದು. ಗುಂತಕಲ್ಲಿನಿಂದ ಆದೋನಿ, ಕೋಸಿಗಿ ಮೇಲೆ ರಾಯಚೂರಿಗೆ ಹೋಗುವ ರೈಲು ಹಳಿ ಅದಕ್ಕೆ ತಕ್ಕುದಾದದ್ದು. ಹಾಳೆಯ ಮೇಲಿನ ಹಳಿಯನ್ನು ನೆಲದ ಹಳಿಗೆ ಸಮನಾಗಿ ಹಿಡಿದು, ಗುಡ್ಡಗಳು ಸರಿಯಾದ ಕಡೆಗೆ ಬಂದವೇ ಎಂದು ನೋಡಿದರೆ ಹಾಳೆ ನೆಲಕ್ಕೆ ಕೂಡಿದಂತೆ.

ನಿಂತ ಜಾಗವೇ ತಿಳಿಯದಿದ್ದರೆ ಎರಡು ಗುರುತುಗಳು ಬೇಕು. ದೂರದಿಂದ ಕಾಣುವ, ಹಾಳೆಯಲ್ಲೂ ಇರುವ ಎರಡು ಗುಡ್ಡದ ತುದಿಗಳಿಗೆ ದಿಕ್ಸೂಚಿಯಿಂದ ಕೋನ ಹಿಡಿಯಬೇಕು. ಆ ತುದಿಗಳಿಂದ ಹಿಂದಕ್ಕೆ ಅದೇ ಕೋನದಲ್ಲಿ ಹಾಳೆಯ ಮೇಲೆ ಗೆರೆ ಎಳೆದರೆ ಅವು ಕೂಡುವ ಬಿಂದುವೇ ನಿಂತಿರುವ ಜಾಗ. ಮೂರನೆಯ ಗುರುತು ಸಿಕ್ಕರೆ ತಪ್ಪೂ ಗೊತ್ತಾಗುತ್ತದೆ. ಬಯಲಿನ ನಡುವೆ ಒಂಟೊಂಟಿಯಾಗಿ ಎದ್ದ ಕಲ್ಲುಗುಡ್ಡಗಳಿರುವ ಆದೋನಿ ಸೀಮೆ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ ನೆಲ.

ಜಾಗವನ್ನು ಇನ್ನೊಬ್ಬರಿಗೆ ತಿಳಿಸಲು ಚೌಕಜಾಲದ ಅಂಕಿ ಬಳಸುತ್ತಾರೆ. ಮೊದಲು ಪೂರ್ವಕ್ಕೆ ಸರಿಯುವ ಅಂಕಿ, ಆಮೇಲೆ ಉತ್ತರಕ್ಕೆ ಏರುವ ಅಂಕಿ. ಚೌಕದ ಬದಿ ಒಂದು ಕಿಲೋಮೀಟರ್ ಇದ್ದಾಗ ನಾಲ್ಕು ಅಂಕಿ ಒಂದು ಚೌಕವನ್ನೂ ಆರು ಅಂಕಿ ನೂರು ಮೀಟರಿನ ಜಾಗವನ್ನೂ ಹೇಳುತ್ತವೆ. ಎನ್‌ಸಿಸಿ ಕೆಡೆಟ್‌ಗಳಿಗೆ ಇದನ್ನು ಇಂದಿಗೂ ಕಲಿಸುತ್ತಾರೆ.

ಹೊಲದ ನಕ್ಷೆ: ಎಫ್‌ಎಂಬಿ

ಹಳ್ಳಿಯ ಜನಕ್ಕೆ ಹೆಚ್ಚು ಹತ್ತಿರದ ನಕ್ಷೆ ಹೊಲದ್ದು. ಮದ್ರಾಸ್ ಪ್ರಾಂತ್ಯದಿಂದ ಬಂದ ಪದ್ಧತಿಯಂತೆ ಪ್ರತಿ ಸರ್ವೆ ನಂಬರಿಗೂ ಅಳತೆಯ ಹಾಳೆಯೊಂದಿದೆ. ಇದೇ ಫೀಲ್ಡ್ ಮೆಜರ್‌ಮೆಂಟ್ ಬುಕ್, ಎಲ್ಲರ ಮಾತಿನಲ್ಲಿ ಎಫ್‌ಎಂಬಿ. ಗಡಿಕಲ್ಲು ನೆಡುವುದಕ್ಕೂ ಗಡಿಯ ವ್ಯಾಜ್ಯ ತೀರಿಸುವುದಕ್ಕೂ ಆಧಾರವಾದ ಮದ್ರಾಸ್ ಸರ್ವೆ ಮತ್ತು ಗಡಿ ಕಾಯ್ದೆ 1923ರದು.

ಎಫ್‌ಎಂಬಿ ಓದಲು ಸರಪಳಿಯ ಲೆಕ್ಕ ಗೊತ್ತಿರಬೇಕು. ಗಂಟರ್ ಸರಪಳಿ 66 ಅಡಿ ಉದ್ದ, ಅದರಲ್ಲಿ 100 ಲಿಂಕ್. ಒಂದು ಲಕ್ಷ ಚದರ ಲಿಂಕ್ ಒಂದು ಎಕರೆ, ಸಾವಿರ ಚದರ ಲಿಂಕ್ ಒಂದು ಸೆಂಟ್. 500 ಲಿಂಕ್ ಉದ್ದ, 400 ಲಿಂಕ್ ಅಗಲದ ಆಯತಾಕಾರದ ಹೊಲ ಸರಿಯಾಗಿ ಎರಡು ಎಕರೆ. ಆದರೆ ಹೊಲಗಳು ಆಯತವಾಗಿರುವುದು ಅಪರೂಪ. ಅದಕ್ಕಾಗಿ ಹೊಲದ ಒಂದು ಮೂಲೆಯಿಂದ ಎದುರು ಮೂಲೆಗೆ ಆಧಾರದ ಗೆರೆ ಎಳೆಯುತ್ತಾರೆ. ಬದು ತಿರುಗುವಲ್ಲೆಲ್ಲ ಆ ಗೆರೆಗೆ ಲಂಬವಾಗಿ ಅಳೆದು ಅಂಕಿ ಬರೆಯುತ್ತಾರೆ. ಈ ಲಂಬವೇ ಆಫ್‌ಸೆಟ್. 600 ಲಿಂಕಿನ ಗೆರೆಯಿಂದ 250 ಲಿಂಕ್ ದೂರದಲ್ಲಿ ಒಂದು ಮೂಲೆಕಲ್ಲು ಇದ್ದರೆ ಆ ತ್ರಿಕೋನದ ವಿಸ್ತೀರ್ಣ 75,000 ಚದರ ಲಿಂಕ್, ಅಂದರೆ 75 ಸೆಂಟ್. ಕಲ್ಲು ಕಿತ್ತುಹೋಗಿದ್ದರೂ ಉಳಿದ ಎರಡು ಕಲ್ಲುಗಳು ಸಿಕ್ಕರೆ ಈ ಅಂಕಿಗಳಿಂದ ಮೂರನೆಯದರ ಜಾಗವನ್ನು ಮತ್ತೆ ಹುಡುಕಬಹುದು. ಪುಸ್ತಕದ ನಿಜವಾದ ಬೆಲೆ ಇರುವುದು ಇಲ್ಲೇ. ಹಾಳೆಯ ಅಂಚಿನಲ್ಲಿ ಪಕ್ಕದ ಸರ್ವೆ ನಂಬರುಗಳನ್ನು ಬರೆದಿರುತ್ತಾರೆ. ಅವನ್ನು ಕ್ರಯಪತ್ರದ ಚೆಕ್ಕುಬಂದಿಯೊಂದಿಗೆ ತಾಳೆ ನೋಡಬೇಕು.

ತುಂಗಭದ್ರೆಯ ಆಚೆ ರಾಯಚೂರಿನವರು ಗುಂಟೆಯಲ್ಲಿ ಮಾತಾಡುತ್ತಾರೆ, ಈಚೆಯವರು ಸೆಂಟಿನಲ್ಲಿ. ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್. ಎರಡೂ ದಡದಲ್ಲಿ ಹೊಲ, ನೆಂಟಸ್ತಿಕೆ ಇರುವ ಕುಟುಂಬಗಳಿಗೆ ಈ ಲೆಕ್ಕ ದಿನದ ವ್ಯವಹಾರ.

ಉಪಗ್ರಹದ ಬಲ, ಅದರ ಮಿತಿ

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ಪರಮಾಣು ಗಡಿಯಾರದ ಸಮಯವನ್ನು ಸಂಕೇತದಲ್ಲಿ ಕಳಿಸುತ್ತದೆ. ಸಂಕೇತ ತಲುಪಲು ಹಿಡಿದ ಸಮಯದಿಂದ ಫೋನು ದೂರವನ್ನು ಲೆಕ್ಕಹಾಕುತ್ತದೆ. ನಾಲ್ಕು ಉಪಗ್ರಹಗಳು ಸಿಕ್ಕರೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ನಾಲ್ಕೂ ತಿಳಿಯುತ್ತವೆ. ನಾಗರಿಕರ ಬಳಕೆಗೆ ಬೇಕೆಂದೇ ಇಟ್ಟಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ ಇದು ಎಲ್ಲರ ಸಾಧನವಾಯಿತು. ಭಾರತದ ಸ್ವಂತ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ಹಾರಿದವು. ಆಗಲೇ ಅದಕ್ಕೆ ನಾವಿಕ್ ಎಂಬ ಹೆಸರಾಯಿತು. ಅದರ ಸಂಚರಣಾ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ.

ಬಯಲಿನಲ್ಲಿ ಸಾಮಾನ್ಯ ಫೋನಿನ ನಿಖರತೆ ಸುಮಾರು ಐದು ಮೀಟರ್. ಅಂಗಡಿ ಹುಡುಕಲು ಅಷ್ಟು ಸಾಕು, ಗಡಿ ಹಿಡಿಯಲು ಸಾಲದು. ನೂರು ಮೀಟರ್ ಉದ್ದದ ಬದು ಐದು ಮೀಟರ್ ಆಚೀಚೆ ಆದರೆ 12 ಸೆಂಟ್ ನೆಲ ಕೈತಪ್ಪುತ್ತದೆ. ಆಂಧ್ರಪ್ರದೇಶದಲ್ಲಿ 2020ರ ಡಿಸೆಂಬರಿನಲ್ಲಿ ಆರಂಭವಾದ ಭೂಮಿಯ ಮರುಸರ್ವೆಯಲ್ಲಿ ಡ್ರೋನ್ ಮತ್ತು ರೋವರ್‌ಗಳನ್ನು ಬಳಸಿದ್ದಾರೆ. ಸ್ಥಿರ ಕೇಂದ್ರಗಳಿಂದ ತಿದ್ದುಪಡಿ ಪಡೆಯುವ ರೋವರ್ ಸೆಂಟಿಮೀಟರುಗಳ ಮಟ್ಟದಲ್ಲಿ ಅಳೆಯುತ್ತದೆ. ಯಂತ್ರ ಎಷ್ಟೇ ನಿಖರವಾಗಿದ್ದರೂ ಹೊಸ ನಕ್ಷೆಯನ್ನು ಹಳೆಯ ಎಫ್‌ಎಂಬಿ, ಕ್ರಯಪತ್ರಗಳೊಂದಿಗೆ ಹೋಲಿಸಿ ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬೇಕಾದವರು ಹೊಲದ ಒಡೆಯರೇ. ನಕ್ಷೆ ಓದಲು ಬಾರದ ರೈತ ಈ ಹಂತದಲ್ಲಿ ಬೇರೆಯವರ ಮಾತನ್ನು ನಂಬಿ ಕೂರಬೇಕಾಗುತ್ತದೆ.

ಹಳೆಯ ಟೋಪೋಶೀಟಿನೊಂದಿಗೆ ಫೋನಿನ ಅಂಕಿಗಳನ್ನು ಹೊಂದಿಸುವಾಗಲೂ ಎಚ್ಚರ ಬೇಕು. ಹಳೆಯ ಹಾಳೆಗಳು ಎವರೆಸ್ಟ್ ಗೋಳಾಭವನ್ನು ಆಧಾರವಾಗಿಟ್ಟುಕೊಂಡವು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84. ಒಂದೇ ಅಕ್ಷಾಂಶ–ರೇಖಾಂಶದ ಅಂಕಿ ಎರಡರಲ್ಲಿ ನೂರು ಮೀಟರಿಗೂ ಹೆಚ್ಚು ದೂರದ ಜಾಗಗಳನ್ನು ತೋರಿಸಬಹುದು. 2005ರ ರಾಷ್ಟ್ರೀಯ ನಕ್ಷೆ ನೀತಿಯ ಬಳಿಕ ಬಂದ ಮುಕ್ತ ಸರಣಿಯ ಹಾಳೆಗಳು ಡಬ್ಲ್ಯುಜಿಎಸ್-84ನ್ನೇ ಅನುಸರಿಸುವುದರಿಂದ ಅವುಗಳಲ್ಲಿ ಈ ತೊಡಕಿಲ್ಲ.

ದಾರಿಯ ಆಯ್ಕೆ ಇನ್ನೊಂದು ಮಾತು. ಫೋನು ಹತ್ತಿರದ ದಾರಿಯೆಂದು ಬಂಡಿದಾರಿಯನ್ನು ತೋರಿಸಬಹುದು. ಎರೆ ನೆಲದ ಬಂಡಿದಾರಿ ಬೇಸಿಗೆಯಲ್ಲಿ ಗಟ್ಟಿ. ಒಂದು ಹದವಾದ ಮಳೆ ಬಿದ್ದರೆ ಚಕ್ರಕ್ಕೆ ಮಣ್ಣು ಮೆತ್ತಿ ಗಾಡಿ ಕದಲುವುದಿಲ್ಲ. ಗುರುತುಗಳ ಅರ್ಥ ತಿಳಿದವರು ಅಂಥ ದಿನ ಸುತ್ತಿನ ಡಾಂಬರು ರಸ್ತೆಯನ್ನೇ ಹಿಡಿಯುತ್ತಾರೆ.

ಶ್ರೀಶೈಲದ ದಾರಿ

ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಬರುತ್ತಾರೆ. ರಾಯಚೂರಿನ ಕಡೆಯಿಂದ ಬರುವವರಿಗೆ ಮಂತ್ರಾಲಯ, ಎಮ್ಮಿಗನೂರು, ಕರ್ನೂಲು, ಆತ್ಮಕೂರು ದಾರಿಯ ಊರುಗಳು. ಆತ್ಮಕೂರು ದಾಟಿದ ಮೇಲೆ ವೆಂಕಟಾಪುರದಿಂದ ನಲ್ಲಮಲ ಕಾಡು. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು, ಕೈಲಾಸದ್ವಾರ ಒಂದಾದ ಮೇಲೊಂದು ಬರುತ್ತವೆ. ನಕ್ಷೆಯ ಲೆಕ್ಕದಲ್ಲಿ ಇದು 56 ಎಚ್‌ನಿಂದ 57 ಇ, 57 ಐ ದಾಟಿ 56 ಎಲ್ ಸೇರುವ ನಡಿಗೆ.

ಈ ದಾರಿಯ ತಿಳಿವು ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಯಾವ ಊರಿನಲ್ಲಿ ತಂಗುವುದು, ಎಲ್ಲಿ ನೀರು, ಎಲ್ಲಿ ಏರು ಶುರು ಎಂಬುದನ್ನು ಹೋಗಿಬಂದವರು ಹೊಸಬರಿಗೆ ಹೇಳುತ್ತಾರೆ. ಕಾಡಿನಲ್ಲಿ ಫೋನಿನ ಸಿಗ್ನಲ್ ಸಿಗದಿದ್ದಾಗ ಏನಾಗುತ್ತದೆಂಬುದನ್ನು ತಿಳಿದಿರಬೇಕು. ಉಪಗ್ರಹದ ಸಂಕೇತಕ್ಕೆ ಮೊಬೈಲ್ ಜಾಲ ಬೇಕಿಲ್ಲ, ಚುಕ್ಕೆ ತೋರುತ್ತಲೇ ಇರುತ್ತದೆ. ಆದರೆ ಚುಕ್ಕೆಯ ಹಿಂದಿನ ನಕ್ಷೆ ಇಂಟರ್ನೆಟ್ಟಿನಿಂದ ಬರುವಂಥದ್ದು. ಮೊದಲೇ ಇಳಿಸಿಕೊಂಡಿಲ್ಲದಿದ್ದರೆ ಖಾಲಿ ಪರದೆಯ ಮೇಲೆ ಚುಕ್ಕೆಯಷ್ಟೇ ಉಳಿಯುತ್ತದೆ. ಅಚ್ಚಿನ ಹಾಳೆಗೆ ಬ್ಯಾಟರಿಯೂ ಬೇಡ, ಸಿಗ್ನಲ್ಲೂ ಬೇಡ.

ಮಿದುಳು ಮತ್ತು ಕಲಿಕೆ

ದಾರಿ ನೆನಪಿಡುವ ಕೆಲಸದಲ್ಲಿ ಮಿದುಳಿನ ಹಿಪೋಕ್ಯಾಂಪಸ್ ಭಾಗಕ್ಕೆ ಮುಖ್ಯ ಪಾತ್ರವಿದೆ. ಲಂಡನ್ನಿನ ಟ್ಯಾಕ್ಸಿ ಚಾಲಕರಲ್ಲಿ ಈ ಭಾಗದ ಹಿಂಬದಿ ದೊಡ್ಡದಾಗಿರುವುದನ್ನು ಎಲಿನಾರ್ ಮಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಮಿದುಳಿನಲ್ಲಿ ಜಾಗ ಗುರುತಿಸುವ ಕೋಶಗಳ ಸಂಶೋಧನೆಗೆ 2014ರ ನೊಬೆಲ್ ಬಂತು. 2020ರಲ್ಲಿ ಲೂಯಿಸಾ ದಹ್ಮಾನಿ ಮತ್ತು ವೆರೋನಿಕ್ ಬೊಬೊ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪಿಎಸ್ ಹೆಚ್ಚು ಬಳಸಿದವರು ಅದಿಲ್ಲದೆ ದಾರಿ ಹಿಡಿಯಬೇಕಾದಾಗ ಜಾಗದ ನೆನಪಿನಲ್ಲಿ ಹಿಂದೆ ಬಿದ್ದರು. ಬಳಸದಿದ್ದರೆ ಈ ಶಕ್ತಿ ಕುಂದುತ್ತದೆ ಎಂಬ ಆತಂಕಕ್ಕೆ ಆಧಾರವಿದೆ.

ಕಲಿಕೆಗೆ ಬೇಕಾದ್ದೆಲ್ಲ ಕೈಗೆಟುಕುವಂತಿದೆ. ಸರ್ವೆ ಆಫ್ ಇಂಡಿಯಾ 2017ರಲ್ಲಿ ತೆರೆದ ‘ನಕ್ಷೆ’ ಪೋರ್ಟಲ್ ಮೂಲಕ ಮುಕ್ತ ಸರಣಿಯ ಹಾಳೆಗಳು ಸಾರ್ವಜನಿಕರಿಗೆ ಸಿಗುವಂತಾದವು. ಆಂಧ್ರದ ಮೀಭೂಮಿ ತಾಣ ಎಫ್‌ಎಂಬಿ, ಗ್ರಾಮ ನಕ್ಷೆ ಕೊಡುತ್ತದೆ. ಕರ್ನಾಟಕದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತಿಳಿಸುತ್ತದೆ. ಆದೋನಿ ಸೀಮೆಯ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಎಲ್ಲೆಡೆ ಸಮಾಜ ಪರೀಕ್ಷೆಯಲ್ಲಿ ಭೂಪಟದಲ್ಲಿ ಗುರುತಿಸುವ ಪ್ರಶ್ನೆಯಿದೆ. ದೇಶದ ಭೂಪಟದಲ್ಲಿ ನದಿ, ನಗರ ಗುರುತಿಸುವುದರ ಜೊತೆಗೆ ತಮ್ಮ ಊರಿನ ಹಾಳೆಯನ್ನು ಮಕ್ಕಳ ಕೈಗೆ ಕೊಡಬೇಕು.

ಕ್ರಮ ಸರಳ. ಮೊದಲು ಮನೆಯ ಹೊಲದ ಎಫ್‌ಎಂಬಿ ಹಿಡಿದು ಕಲ್ಲಿನಿಂದ ಕಲ್ಲಿಗೆ ನಡೆಯಬೇಕು. ಆಮೇಲೆ ಗ್ರಾಮ ನಕ್ಷೆಯಲ್ಲಿ ಆ ಹೊಲವನ್ನೂ, ಟೋಪೋಶೀಟಿನಲ್ಲಿ ಆ ಊರನ್ನೂ ಹುಡುಕಬೇಕು. ಕಡೆಗೆ ಫೋನು ಕೊಟ್ಟ ಅಕ್ಷಾಂಶ–ರೇಖಾಂಶವನ್ನು ಮುಕ್ತ ಸರಣಿಯ ಹಾಳೆಯ ಮೇಲೆ ಗುರುತಿಸಿ, ಸುತ್ತಲಿನ ಹಳ್ಳ, ಏರು, ದಾರಿ, ಗಡಿಗಳನ್ನು ಬಾಯಿಬಿಟ್ಟು ಹೇಳಬೇಕು. ಇಷ್ಟನ್ನು ಕಲಿತ ಹುಡುಗ ಹುಡುಗಿಯರು ಉಪಗ್ರಹದ ಸಹಾಯವನ್ನು ತಕ್ಕಂತೆ ಬಳಸಬಲ್ಲರು. ಅದು ತಪ್ಪಿದಾಗ ತಪ್ಪೆಂದು ಗುರುತಿಸಲೂ ಬಲ್ಲರು.